ಮಕ್ಕಳ ಮುಂದೆ ಚಿಲ್ಲರೆ ಸುರಿಯಿರಿ

ಶಿಕಾರಿಪುರ, ಸೊರಬದ ಮಕ್ಕಳಿಗೆ ಚರಿತ್ರೆ ದೂರದ ಮಾತಲ್ಲ. ತಾಳಗುಂದದ ಕದಂಬ ಶಾಸನ, ಬಳ್ಳಿಗಾವಿಯ ಕೇದಾರೇಶ್ವರ, ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಕೋಟೆ ಎಲ್ಲವೂ ಸುತ್ತಮುತ್ತಲೇ ಇವೆ. ಇಂಥ ನೆಲಕ್ಕೆ ಅಂಟಿಕೊಂಡೇ ಬರುವ ಕೇಡು ನಿಧಿಯಾಸೆ. ಹಳೆಯ ನಾಣ್ಯವೆಂದರೆ ಬಂಗಾರ, ಬಂಗಾರವೆಂದರೆ ದುಡ್ಡು ಎಂದುಕೊಂಡವರು ಮಲೆನಾಡಿನ ಪಾಳುಗುಡಿಗಳನ್ನು ಅಗೆದು ಹಾಳುಮಾಡಿದ್ದಾರೆ. ನಾಣ್ಯದ ಬೆಲೆ ಅದು ಹೇಳುವ ಸುದ್ದಿಯಲ್ಲೂ ಇದೆ ಎಂದು ಎಳೆಯ ವಯಸ್ಸಿನಲ್ಲೇ ತಿಳಿದರೆ ಆ ಆಸೆಯ ಹಿಡಿತ ಸಡಿಲಾಗುತ್ತದೆ. ಅದಕ್ಕೆ ವಸ್ತುಸಂಗ್ರಹಾಲಯ ಬೇಕಿಲ್ಲ, ಸಂತೆಯಿಂದ ಮನೆಗೆ ಬಂದ ಚಿಲ್ಲರೆ ಸಾಕು.

ಇಸವಿಯ ಕೆಳಗೆ ನೋಡಲು ಹೇಳಿ. ನಕ್ಷತ್ರವಿದ್ದರೆ ಹೈದರಾಬಾದ್ ಟಂಕಸಾಲೆ, ವಜ್ರದಾಕಾರವಿದ್ದರೆ ಮುಂಬೈ, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. 2007ರ ನಂತರದ ಕೆಲವು ನಾಣ್ಯಗಳಲ್ಲಿ ನೃತ್ಯದ ಹಸ್ತಮುದ್ರೆಗಳಿವೆ. 2006ರ ಐದು ರೂಪಾಯಿಯೊಂದರಲ್ಲಿ ಬಸವಣ್ಣನವರಿದ್ದಾರೆ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಇರುವ ತಾಲ್ಲೂಕಿನ ಮಗುವಿಗೆ ಆ ಒಂದು ನಾಣ್ಯ ಸಿಕ್ಕರೆ ಮುಂದಿನ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಂದ ಕೆಳದಿ ಅರಸರ ವರಹಕ್ಕೆ ಹೋಗುವುದು ಸುಲಭ: 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ತನ್ನ ನಾಣ್ಯದಲ್ಲೂ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಜನ ನಂಬಿದ ರೂಪವನ್ನು ಗೆದ್ದವನೂ ಕೈಬಿಡಲಿಲ್ಲ. ಹಣವೆಂದರೆ ನಂಬಿಕೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠ ನನಗೆ ಕಂಡಿಲ್ಲ.

ಫೋನಿನಲ್ಲೇ ದುಡ್ಡು ಕೊಡುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಚಿಲ್ಲರೆ ಕಡಿಮೆಯಾಗುತ್ತಿದೆ ಎಂಬುದೇ ಈಗ ಶುರುಮಾಡಲು ಕಾರಣ. ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಆಮೇಲೆ ಹುಟ್ಟಿದ ಮಕ್ಕಳು ಅದನ್ನು ಅಂಗಡಿಯಲ್ಲಿ ಕೊಟ್ಟವರಲ್ಲ. ಹತ್ತು ರೂಪಾಯಿ ನಾಣ್ಯವನ್ನು ನಕಲಿಯೆಂದು ಅಂಗಡಿಯವರು ತಿರಸ್ಕರಿಸುತ್ತಿದ್ದಾಗ, ಹದಿನಾಲ್ಕು ವಿನ್ಯಾಸಗಳೂ ಸಕ್ರಮವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಬೇಕಾಯಿತು. ನಾಣ್ಯ ಓದಲು ಬಂದಿದ್ದರೆ ಆ ಗೊಂದಲ ಅಷ್ಟು ಹಬ್ಬುತ್ತಿರಲಿಲ್ಲ.

ಹವ್ಯಾಸವೇ ದುರಾಸೆಗೆ ದಾರಿಯಾದೀತು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಳೆಯ ಒಂದು ರೂಪಾಯಿಗೆ ಲಕ್ಷ ಕೊಡುತ್ತೇವೆ ಎಂಬ ಜಾಹೀರಾತುಗಳು ಎಲ್ಲೆಲ್ಲೂ ಇವೆ. ತನ್ನ ಹೆಸರಿನಲ್ಲಿ ನಡೆಯುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದೆ. ಆದ್ದರಿಂದಲೇ ಮಗು ಸಂಗ್ರಹಿಸುವುದು ಮುಖಬೆಲೆಗೇ ಸಿಗುವ ನಾಣ್ಯಗಳನ್ನಾಗಿರಲಿ, ಕೊಂಡು ತರುವುದು ಬೇಡ. ಹುಣಸೆಹಣ್ಣು ಹಚ್ಚಿ ತಿಕ್ಕುವುದೂ ಬೇಡ, ಹೊಳಪಿನ ಜೊತೆಗೆ ಮೇಲ್ಮೈಯೂ ಸವೆಯುತ್ತದೆ. ಪ್ರತಿಯೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು ಇಸವಿ, ಟಂಕಸಾಲೆ, ಸಿಕ್ಕ ಜಾಗ ಬರೆಯಲಿ. ಸಿಕ್ಕ ಜಾಗ ಬರೆಯುವ ಅಭ್ಯಾಸವನ್ನು ನಾನು ಒತ್ತಿ ಹೇಳುತ್ತೇನೆ. ನಾಳೆ ತೋಟದ ಅಗೆತದಲ್ಲಿ ಹಳೆಯ ನಾಣ್ಯಗಳ ಗಡಿಗೆ ಸಿಕ್ಕರೆ, ಅದನ್ನು ಅಕ್ಕಸಾಲಿಗನ ಕುಲುಮೆಗೆ ಒಯ್ಯದೆ, ಕಾನೂನು ಹೇಳುವಂತೆ ಜಿಲ್ಲಾಧಿಕಾರಿಗೆ ತಿಳಿಸೋಣ ಎಂದು ಮನೆಯಲ್ಲಿ ಹಟ ಹಿಡಿಯುವವರು ಈ ಮಕ್ಕಳೇ.