ಕೌದಿಯ ಮಷಿನ್ನಿಗೆ ಮೊದಲು ಜಾಗ ನೋಡಿ
ಕೌದಿ ಹೊಲಿಯಲು ನೂರಾರು ನಮೂನೆಯ ಕಂಪ್ಯೂಟರ್ ಮಷಿನ್ನೇ ಬೇಕೆಂಬ ಕಳೆದ ಸಂಚಿಕೆಯ ಸಲಹೆಯನ್ನು ನಾನು ಒಪ್ಪಲಾರೆ. ಸಾಂಗಲಿ, ಮಿರಜ, ಜತ್ತದ ಕಡೆ ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ ನಮ್ಮ ಹೆಂಗಸರು ಕೈಯಿಂದ ಹಾಕಿದ್ದು ನೇರ ಹೊಲಿಗೆ. ಮಷಿನ್ನಿಗೂ ಅಷ್ಟು ಬಂದರೆ ಸಾಕು. ನೋಡಬೇಕಾದ್ದು ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಜಾಗ. ಸುರುಳಿ ಸುತ್ತಿದ ಕೌದಿ ಅಲ್ಲಿ ತೂರದಿದ್ದರೆ ನಡುಭಾಗ ಹೊಲಿಯುವುದು ಹೇಗೆ? ಇನ್ನೊಂದು, ಮಷಿನ್ನಿನ ಕೆಳಗಿನ ಹಲ್ಲು ಅಡಿಪದರವನ್ನು ಎಳೆಯುತ್ತದೆ, ಮೇಲಿನದು ಹಿಂದುಳಿದು ನೆರಿಗೆ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಸರಿಸುವ ವಾಕಿಂಗ್ ಫೂಟ್ ಕೂಡುತ್ತದೆಯೇ, ಕೇಳಿ. 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ಉದ್ದ ಇಡಿ. ಗಟ್ಟಿಯಿರುವ ಕಾಲ್ತುಳಿ ಮಷಿನ್ ಮಾರಿಸಿ ಕಂಪ್ಯೂಟರ್ ಮಷಿನ್ನಿಗಾಗಿ ಸಾಲಕ್ಕೆ ನೂಕುವುದು ಬಡ ಹೊಲಿಗೆಗಾರ್ತಿಗೆ ಮಾಡುವ ಅನ್ಯಾಯ. ಅಂಗಡಿಗೆ ನಿಮ್ಮದೇ ಕೌದಿಯ ತುಂಡು ಒಯ್ಯಿರಿ, ಹೊಲಿದು ನೋಡಿ, ಆಮೇಲೆ ದುಡ್ಡು ಕೊಡಿ.