ಕರಡಿಗೆ ನಮ್ಮ ಸದ್ದು ಕೇಳಿಸಲಿ

ಇಬ್ಬರು ಗೆಳೆಯರು ಕಾಡಿಗೆ ಹೋದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕರಡಿ ಕಂಡೊಡನೆ ಒಬ್ಬ ಮರ ಹತ್ತಿದ, ಇನ್ನೊಬ್ಬ ಉಸಿರು ಬಿಗಿಹಿಡಿದು ಸತ್ತವನಂತೆ ಬಿದ್ದುಕೊಂಡ, ಕರಡಿ ಮೂಸಿ ನೋಡಿ ಹೊರಟುಹೋಯಿತು. ಗೆಳೆತನದ ನೀತಿ ಹೇಳಲು ಕಥೆ ಚೆನ್ನಾಗಿದೆ. ಆದರೆ ಬಳ್ಳಾರಿ, ಕೊಪ್ಪಳ, ವಿಜಯನಗರ, ಚಿತ್ರದುರ್ಗ, ತುಮಕೂರಿನ ಬೆಟ್ಟಗಳ ಸೆರಗಿನಲ್ಲಿ ಬದುಕುವವರು ಅದನ್ನೇ ನೆಚ್ಚಿಕೊಂಡರೆ ಜೀವಕ್ಕೆ ಅಪಾಯ. ನಮ್ಮ ಕರಡಿ ಜೇನಿಗಾಗಿ ಮರ ಹತ್ತುವ ಪ್ರಾಣಿ. ಅಂಗಾತ ಬಿದ್ದವನ ಮುಖವನ್ನು ಮೂಸಿ ಸುಮ್ಮನೆ ಬಿಡುತ್ತದೆ ಎಂಬ ಭರವಸೆಯೂ ಇಲ್ಲ.

ಕರಡಿ ನಮ್ಮನ್ನು ತಿನ್ನಲು ಬರುವುದಿಲ್ಲ. ಗೆದ್ದಲು, ಇರುವೆ, ಜೇನು, ಕಾಡುಹಣ್ಣು ಅದರ ಊಟ. ಅದು ಹುತ್ತಕ್ಕೆ ಬಾಯಿಡುವ ಬಗೆಯನ್ನು ತಿಳಿದುಕೊಂಡರೆ ದಾಳಿ ಏಕಾಗುತ್ತದೆ ಎಂಬುದು ಅರ್ಧ ಅರ್ಥವಾಗುತ್ತದೆ. ಉಗುರಿನಿಂದ ಹುತ್ತ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಮುಂದಕ್ಕೆ ಚಾಚುತ್ತದೆ. ಅದರ ಮೇಲ್ದವಡೆಯ ನಡುವೆ ಎರಡು ಹಲ್ಲುಗಳೇ ಇಲ್ಲ. ಮೊದಲು ಬಾಯಿಂದ ಮಣ್ಣು ಊದಿ, ಆಮೇಲೆ ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಆ ಸದ್ದು ಹೊಲದ ಆಚೆ ಬದಿಗೂ ಕೇಳಿಸುತ್ತದೆ. ತಲೆ ಹುತ್ತದೊಳಗೆ, ಕಿವಿಯ ತುಂಬ ತನ್ನದೇ ಗದ್ದಲ, ಕಣ್ಣು ಮೊದಲೇ ಮಂದ. ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದರೆ ವಾಸನೆಯೂ ಹತ್ತದು. ಹತ್ತು ಹೆಜ್ಜೆ ದೂರದಲ್ಲಿ ಮನುಷ್ಯ ನಿಂತಿದ್ದಾನೆ ಎಂದು ಗೊತ್ತಾಗುವ ಹೊತ್ತಿಗೆ ಅದು ಬೆಚ್ಚಿಬಿದ್ದಿರುತ್ತದೆ. ಹುಲಿ ಚಿರತೆಗಳ ನಡುವೆ ಬದುಕಿಬಂದ ಜೀವ. ತಿರುಗಿಬೀಳುವುದೇ ಅದರ ಕಾವಲು. ನುಗ್ಗಿ ಬಂದು ಹಿಂಗಾಲ ಮೇಲೆದ್ದು, ಮೂರು ನಾಲ್ಕು ಅಂಗುಲದ ಉಗುರುಗಳಿಂದ ತಲೆಗೆ, ಮುಖಕ್ಕೆ ಹೊಡೆಯುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರೆ ಇನ್ನೂ ಉಗ್ರ.

ಹಾಗಾಗಿ ಕರಡಿಯ ಸೀಮೆಯಲ್ಲಿ ಸದ್ದು ಮಾಡುತ್ತ ನಡೆಯುವುದೇ ದೊಡ್ಡ ರಕ್ಷಣೆ. ಕುರಿ ಕಾಯುವವರು ಕೂಗು ಹಾಕುತ್ತ, ಕೋಲಿನಿಂದ ಪೊದೆ ಬಡಿಯುತ್ತ ಹೋಗುವುದು ಸುಮ್ಮನೆ ಅಲ್ಲ. ಸೀತಾಫಲದ ಕಾಲದಲ್ಲಿ ಗುಡ್ಡಕ್ಕೆ ಹೋಗುವ ಹೆಂಗಸರು ನಾಲ್ಕು ಜನ ಸೇರಿ, ಜೋರಾಗಿ ಮಾತಾಡುತ್ತ ಹೋಗಬೇಕು. ಬಂಡೆಗಳ ಪೊಟರೆಗೆ ಇಣುಕಬಾರದು. ಚಳಿಗಾಲದಲ್ಲಿ ಅಲ್ಲಿ ಬಾಣಂತಿ ಕರಡಿ ಇರಬಹುದು. ಕಟ್ಟದ ನಾಯಿಯನ್ನು ಜೊತೆಗೆ ಒಯ್ಯುವುದು ಧೈರ್ಯ ಎನಿಸುತ್ತದೆ, ಆದರೆ ಬೊಗಳಿ ಕೆಣಕಿದ ನಾಯಿ ಕೊನೆಗೆ ಓಡಿ ಬರುವುದು ಯಜಮಾನನ ಕಾಲ ಬಳಿಗೇ, ಅದರ ಬೆನ್ನಿಗೆ ಕರಡಿ. ದೂರದಲ್ಲಿ ಕಂಡರೆ ಓಡದೆ, ಅದರ ಕಡೆಗೇ ಕಣ್ಣಿಟ್ಟು ಮೆಲ್ಲಗೆ ಹಿಂದೆ ಸರಿಯಿರಿ. ಮೇಲೆಯೇ ಬಿದ್ದರೆ ಬೋರಲಾಗಿ ಮಲಗಿ, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಂಡು, ಮುಖ ನೆಲಕ್ಕೆ ಒತ್ತಿ, ಅದು ದೂರ ಹೋಗುವವರೆಗೂ ಏಳಬೇಡಿ. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ರೇಬಿಸ್ ಚುಚ್ಚುಮದ್ದು ತಪ್ಪಿಸುವಂತಿಲ್ಲ.

ಬೆಂಗಳೂರಿನಿಂದ ಸಾವನದುರ್ಗಕ್ಕೋ ರಾಮನಗರದ ಬೆಟ್ಟಗಳಿಗೋ ಸೂರ್ಯೋದಯ ನೋಡಲು ಹೊರಡುವ ಹುಡುಗರಿಗೂ ಇದೇ ಮಾತು. ಕರಡಿ ಹೊಟ್ಟೆ ತುಂಬಿಸಿಕೊಂಡು ಗುಹೆಗೆ ಮರಳುವ ನಸುಕಿನಲ್ಲಿಯೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಹತ್ತುವುದು ಶುದ್ಧ ಹುಂಬತನ. ತಿಂದುಳಿದ ಬಿರಿಯಾನಿ ಪೊಟ್ಟಣವನ್ನು ಬಂಡೆಯ ಮೇಲೆ ಬಿಟ್ಟು ಬರುವುದು ಅದಕ್ಕಿಂತ ಕೆಟ್ಟದ್ದು. ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿ ಊರಿನ ದಾರಿ ಹಿಡಿಯುತ್ತದೆ, ಹೊಡೆತ ತಿನ್ನುವವರು ಊರಿನವರು.

ಹಂಪಿಯ ಹತ್ತಿರದ ದರೋಜಿ ಕರಡಿಧಾಮ 1994ರಲ್ಲಿ ಆಯಿತು. ಅಲ್ಲಿನ ವೀಕ್ಷಣಾ ಗೋಪುರದಿಂದ ನೋಡಿದವರಿಗೆ ಬಂಡೆಗಳ ಮೇಲಿನ ಕರಡಿ ಸಾಧುವಾಗಿ ಕಾಣುತ್ತದೆ. ಅಷ್ಟು ದೂರ ಇದ್ದಾಗ ಅದು ಸಾಧುವೇ. ಊರೊಳಗೆ ದಾರಿ ತಪ್ಪಿ ಬಂದ ಕರಡಿಯನ್ನು ನೂರಾರು ಜನ ಸುತ್ತುವರಿದು, ಕಲ್ಲು ತೂರಿ, ಮೊಬೈಲ್ ಹಿಡಿದು ಅಟ್ಟಾಡಿಸಿದಾಗ ಅದೇ ಪ್ರಾಣಿ ಕಂಡಕಂಡವರ ಮೇಲೆ ಎರಗುತ್ತದೆ. ಆಗ ‘ಕರಡಿ ದಾಳಿ’ ಎಂದು ಬರೆಯುವ ನಾವು, ದಾಳಿ ಶುರು ಮಾಡಿದವರು ಯಾರು ಎಂದೂ ಬರೆಯಬೇಕು.

ಇಷ್ಟೆಲ್ಲ ಎಚ್ಚರಿಕೆ ಹೇಳುವಾಗ ನನ್ನನ್ನು ಕಾಡುವುದು ಬೇರೆ. ಕತ್ತಲಲ್ಲಿ ಹೊರಗೆ ಹೋಗಬೇಡಿ ಎನ್ನುವುದು ಸುಲಭ. ಮನೆಯಲ್ಲಿ ಶೌಚಾಲಯವಿಲ್ಲದ, ಇದ್ದರೂ ನೀರಿಲ್ಲದ ಹೆಣ್ಣುಮಗಳು ಚೊಂಬು ಹಿಡಿದು ಗುಡ್ಡದ ಮಗ್ಗುಲಿಗೆ ಹೋಗುವುದು ಬೆಳಕು ಹರಿಯುವ ಮುಂಚೆಯೇ. ಪಂಪ್‌ಸೆಟ್‌ಗೆ ರಾತ್ರಿಪಾಳಿಯಲ್ಲಿ ಕರೆಂಟ್ ಕೊಟ್ಟರೆ ರೈತ ಕತ್ತಲಲ್ಲೇ ಹೊಲಕ್ಕೆ ಹೋಗಬೇಕು. ಇವರಿಗೆ ‘ಕರಡಿ ಇದೆ, ಎಚ್ಚರಿಕೆ’ ಎಂಬ ಫಲಕ ನೆಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ಬೆಟ್ಟದಂಚಿನ ಊರುಗಳಿಗೆ ಹಗಲಲ್ಲೇ ಮೂರು ಫೇಸ್ ಕರೆಂಟ್ ಕೊಡಿ. ಗ್ರಾಮ ಪಂಚಾಯಿತಿಗಳು ಮುಂದಿನ ಕ್ರಿಯಾಯೋಜನೆ ಬರೆಯುವಾಗ ಗುಡ್ಡಕ್ಕೆ ಅಂಟಿಕೊಂಡಿರುವ ಕೊನೆಯ ಓಣಿಯ ಬೀದಿದೀಪ, ಶೌಚಾಲಯ, ಅದಕ್ಕೆ ನೀರು, ಈ ಮೂರನ್ನು ಮೊದಲ ಸಾಲಿನಲ್ಲೇ ಬರೆಯಲಿ.