ಉದ್ಯೋಗದ ಲೆಕ್ಕದಲ್ಲಿ ಕೂಲಿಯವರೂ ಇರಲಿ



ಝರಾಸಂಗಂ, ನ್ಯಾಲಕಲ್ ಮಂಡಲಗಳ 17 ಹಳ್ಳಿಗಳಲ್ಲಿ ರಾಜ್ಯ ಸರಕಾರ ಗುರುತಿಸಿದ ಸುಮಾರು 12,600 ಎಕರೆಯ ಕೈಗಾರಿಕಾ ವಲಯಕ್ಕೆ 2016ರಲ್ಲಿ ಕೇಂದ್ರದ ಅನುಮತಿ ದೊರೆಯಿತು. 2024ರ ಆಗಸ್ಟಿನಲ್ಲಿ ಮೊದಲ ಹಂತದ 3,245 ಎಕರೆಗೆ 2,361 ಕೋಟಿ ರೂಪಾಯಿಯ ಯೋಜನೆಯೂ ಮಂಜೂರಾಯಿತು. 1.74 ಲಕ್ಷ ಮಂದಿಗೆ ಉದ್ಯೋಗ ಎಂಬುದು ಸರಕಾರದ ಅಂದಾಜು.

ಬರಲಿ, ಬೇಡವೆನ್ನುವವರು ಯಾರು? ಐಟಿಐ ಮುಗಿಸಿದ ನಮ್ಮ ಹುಡುಗರು ಹೈದರಾಬಾದಿನ ಬಸ್ಸು ಹತ್ತುವುದು ತಪ್ಪೀತು. ಆದರೆ ಜೋಳ, ತೊಗರಿ ಬೆಳೆಯುವ ಹೊಲವೂ ಉದ್ಯೋಗ ಕೊಡುತ್ತಲೇ ಇದೆಯಲ್ಲ! ಅಲ್ಲಿ ಕಳೆ ಕೀಳುವ, ತೊಗರಿ ಕೊಯ್ಯುವ ಹೆಂಗಸರಿಗೆ ಪಟ್ಟಾ ಇಲ್ಲ. ಜಮೀನಿನ ಹಣ ಪಟ್ಟಾದಾರನ ಕೈಸೇರುತ್ತದೆ. ನಲವತ್ತೈದು ದಾಟಿದ, ಓದು ಬಾರದ ಕೂಲಿ ಹೆಂಗಸಿಗೆ ಕಾರ್ಖಾನೆಯಲ್ಲಿ ಯಾವ ಕೆಲಸ ಸಿಕ್ಕೀತು?

2013ರ ಭೂಸ್ವಾಧೀನ ಕಾಯಿದೆ ಇವರನ್ನು ಮರೆತಿಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲಿ ದುಡಿದು, ಅದರಿಂದಲೇ ಮುಖ್ಯವಾಗಿ ಹೊಟ್ಟೆ ಹೊರೆದ ಕೂಲಿಕಾರರು, ಪಾಲಿಗೆ ಮಾಡುವವರು ಸಹ ಅದರ ಪ್ರಕಾರ ಬಾಧಿತ ಕುಟುಂಬವೇ. ಸರ್ವೆಗೆ ಬಂದವರು ಪಟ್ಟಾ ಪುಸ್ತಕವಷ್ಟೇ ನೋಡಿ ಹೊರಟರೆ ಬಿಡಬೇಡಿರಿ. ಜಮೀನುಳ್ಳವರೇ ಮುಂದೆ ನಿಂತು ತಮ್ಮ ಹೊಲದಲ್ಲಿ ದುಡಿದವರ ಹೆಸರು ಬರೆಸಿರಿ. ನೀವು ಹೇಳದಿದ್ದರೆ ಅವರ ದುಡಿಮೆಗೆ ಸಾಕ್ಷಿ ಯಾರು?